ಸರಂಧ್ರ ಸಿರಾಮಿಕ್ ಆನೋಡುಗಳು: ದ್ರವರೂಪದ ಮೂಲವಸ್ತುವಿನಿಂದ ಪ್ಲಾಸ್ಮಾ ಸಿಂಪರಣೆ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡಿನ ಸೆರಗಿನಲ್ಲಿ, ಬಯಲುಸೀಮೆಯತ್ತ ನೆಲ ಇಳಿಯುವ ಕಡೆ ಇವೆ. ಕುಮುದ್ವತಿಯ ಬದಿಯ ಶಿಕಾರಿಪುರದಲ್ಲಿ ಮೆಕ್ಕೆಜೋಳ ವ್ಯಾಪಕವಾಗಿ ಬೆಳೆಯುತ್ತದೆ. ವರದಾ ಮತ್ತು ದಂಡಾವತಿಗಳು ಹರಿಯುವ ಸೊರಬದಲ್ಲಿ ಭತ್ತವೇ ಪ್ರಧಾನ. ಈ ಸೀಮೆಯ ಹಳೆಯ ಮನೆಗಳಲ್ಲಿ ಎರಡು ಬಗೆಯ ಪಾತ್ರೆಗಳು ಅಕ್ಕಪಕ್ಕದಲ್ಲಿ ಇರುತ್ತಿದ್ದವು. ಒಂದು, ಕುಡಿಯುವ ನೀರಿನ ಮಣ್ಣಿನ ಗಡಿಗೆ. ಇನ್ನೊಂದು, ಅಪ್ಪೆಮಿಡಿಯ ಉಪ್ಪಿನಕಾಯಿ ತುಂಬಿದ ಪಿಂಗಾಣಿ ಭರಣಿ. ಎರಡೂ ಬೆಂಕಿಯಲ್ಲಿ ಬೆಂದ ಮಣ್ಣೇ. ಆದರೆ ಗಡಿಗೆ ಬೆವರಬೇಕು. ಅದರ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಹೊರಬಂದ ನೀರು ಆವಿಯಾದರೆ ಮಾತ್ರ ಒಳಗಿನ ನೀರು ತಂಪಾಗುತ್ತದೆ. ಭರಣಿ ಬೆವರಬಾರದು. ಅದರ ಗೋಡೆಯಲ್ಲಿ ಒಂದೇ ಒಂದು ದಾರಿ ತೆರೆದುಕೊಂಡರೂ ಉಪ್ಪುನೀರು ಒಸರಿ ಉಪ್ಪಿನಕಾಯಿ ಕೆಡುತ್ತದೆ.

ಘನ ಆಕ್ಸೈಡ್ ಇಂಧನಕೋಶವೆಂಬ ಆಧುನಿಕ ವಿದ್ಯುಜ್ಜನಕ ಸಾಧನದಲ್ಲಿ ಈ ಎರಡೂ ಗುಣಗಳು ಒಂದಕ್ಕೊಂದು ಅಂಟಿಕೊಂಡು ಇರಬೇಕಾಗುತ್ತದೆ. ಭರಣಿಯಂತೆ ಅಭೇದ್ಯವಾದ ಒಂದು ಪದರ. ಅದಕ್ಕೆ ಬೆಸೆದುಕೊಂಡಂತೆ, ಗಡಿಗೆಯಂತೆ ಸರಂಧ್ರವಾದ ಇನ್ನೊಂದು ಪದರ. ಈ ಎರಡನೆಯ ಪದರವಾದ ಆನೋಡನ್ನು ದ್ರವರೂಪದ ಮೂಲವಸ್ತುವಿನಿಂದ, ಪ್ಲಾಸ್ಮಾ ಜ್ವಾಲೆಯ ಮೂಲಕ ಸಿಂಪಡಿಸಿ ನಿರ್ಮಿಸುವ ವಿಧಾನ, ಅದರ ಹಿಂದಿರುವ ಕಾರಣಗಳು, ಅದಕ್ಕೆ ಕರ್ನಾಟಕದ ಪ್ರಯೋಗಾಲಯಗಳಿಂದ ಸಂದ ಕೊಡುಗೆ ಹಾಗೂ ಶಿಕಾರಿಪುರ-ಸೊರಬದಂಥ ಗ್ರಾಮೀಣ ಪ್ರದೇಶಕ್ಕೆ ಅದರಿಂದ ಆಗಬಹುದಾದ ಪ್ರಯೋಜನ ಇವು ಪ್ರಸ್ತುತ ಲೇಖನದ ವಿಷಯ.

ಇಂಧನಕೋಶದ ತತ್ತ್ವ

ಇಂಧನವನ್ನು ಉರಿಸಿ, ಆ ಶಾಖದಿಂದ ಯಂತ್ರವನ್ನು ತಿರುಗಿಸಿ, ಯಂತ್ರದಿಂದ ವಿದ್ಯುತ್ತನ್ನು ಪಡೆಯುವುದು ಸಾಮಾನ್ಯ ಕ್ರಮ. ಪ್ರತಿ ಹಂತದಲ್ಲಿಯೂ ಶಕ್ತಿಯ ಒಂದು ಪಾಲು ಸೋರಿಹೋಗುತ್ತದೆ. ಇಂಧನಕೋಶವು ಈ ಸುತ್ತುದಾರಿಯನ್ನು ಬಿಟ್ಟು, ರಾಸಾಯನಿಕ ಶಕ್ತಿಯನ್ನು ನೇರವಾಗಿ ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸುತ್ತದೆ. ವಿಲಿಯಂ ಗ್ರೋವ್ 1839ರಲ್ಲಿಯೇ ಜಲಜನಕ ಮತ್ತು ಆಮ್ಲಜನಕಗಳಿಂದ ವಿದ್ಯುತ್ತನ್ನು ಪಡೆದು ತೋರಿಸಿದ್ದನು. ಬಿಸಿಯಾದ ಜಿರ್ಕೋನಿಯಾ ಮಿಶ್ರಣವು ವಿದ್ಯುದ್ವಾಹಕವಾಗುತ್ತದೆಂಬುದನ್ನು ವಾಲ್ಟರ್ ನರ್ನ್‌ಸ್ಟ್ 19ನೆಯ ಶತಮಾನದ ಕೊನೆಯಲ್ಲಿ ಗುರುತಿಸಿದನು. ಬಾವರ್ ಮತ್ತು ಪ್ರೈಸ್ ಎಂಬ ವಿಜ್ಞಾನಿಗಳು 1937ರಲ್ಲಿ ಸಿರಾಮಿಕ್ ಪದರವುಳ್ಳ ಇಂಧನಕೋಶವನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ನಡೆಸಿದರು.

ಇಂದಿನ ಘನ ಆಕ್ಸೈಡ್ ಇಂಧನಕೋಶದಲ್ಲಿ ಮೂರು ಮುಖ್ಯ ಪದರಗಳಿವೆ. ಒಂದು ಬದಿಯ ಕ್ಯಾಥೋಡಿನಲ್ಲಿ ಗಾಳಿಯ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಪಡೆದು ಆಕ್ಸೈಡ್ ಅಯಾನಾಗುತ್ತದೆ. ನಡುವಿನ ವಿದ್ಯುದ್ವಿಭಾಜ್ಯ ಪದರವು ಸಾಮಾನ್ಯವಾಗಿ ಯಟ್ರಿಯಾ ಬೆರೆಸಿ ಸ್ಥಿರಗೊಳಿಸಿದ ಜಿರ್ಕೋನಿಯಾ. ಅದು ಅನಿಲಗಳನ್ನೂ ಎಲೆಕ್ಟ್ರಾನುಗಳನ್ನೂ ತಡೆದು, ಆಕ್ಸೈಡ್ ಅಯಾನುಗಳಿಗೆ ಮಾತ್ರ ದಾರಿ ಕೊಡುತ್ತದೆ. ಇನ್ನೊಂದು ಬದಿಯ ಆನೋಡಿನಲ್ಲಿ ಈ ಅಯಾನುಗಳು ಇಂಧನದೊಡನೆ ಸೇರಿ, ಜಲಜನಕವಿದ್ದರೆ ನೀರಾವಿಯನ್ನು ಉಂಟುಮಾಡಿ, ತಾವು ಹೊತ್ತು ತಂದ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತವೆ. ಆ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಹರಿದು ದೀಪವನ್ನು ಬೆಳಗಿಸಿ, ಪಂಪನ್ನು ತಿರುಗಿಸಿ ಕ್ಯಾಥೋಡಿಗೆ ಮರಳುತ್ತವೆ. ಇಲ್ಲಿ ಪರಿಭಾಷೆಯ ಒಂದು ತೊಡಕನ್ನು ಗಮನಿಸಬೇಕು. ಕನ್ನಡದಲ್ಲಿ ಆನೋಡನ್ನು ಧನಾಗ್ರವೆಂದು ಕರೆಯುವ ರೂಢಿಯಿದೆ. ವಿದ್ಯುತ್ತನ್ನು ಉತ್ಪಾದಿಸುವ ಕೋಶದಲ್ಲಿ ಆನೋಡು ಋಣ ತುದಿಯಾಗಿರುವುದರಿಂದ ಆ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ. ಇಂಧನವು ಉತ್ಕರ್ಷಣಗೊಳ್ಳುವ ಅಗ್ರವೇ ಆನೋಡು ಎಂದು ತಿಳಿಯುವುದು ಸೂಕ್ತ.

ಒಂದು ಕೋಶದಿಂದ ದೊರೆಯುವ ವಿಭವ ಬಳಕೆಯ ಸಮಯದಲ್ಲಿ ಸುಮಾರು 0.7 ವೋಲ್ಟ್ ಮಾತ್ರ. ಆದ್ದರಿಂದ ಹಲವು ಕೋಶಗಳನ್ನು ಒಂದರ ಮೇಲೊಂದು ಪೇರಿಸಬೇಕಾಗುತ್ತದೆ. ಕೋಶದ ಕಾರ್ಯತಾಪ ಸಾಮಾನ್ಯವಾಗಿ 700ರಿಂದ 1000 ಡಿಗ್ರಿ.

ಆನೋಡಿಗೆ ರಂಧ್ರಗಳೇಕೆ?

ಆನೋಡು ಮೂರು ಪ್ರವಾಹಗಳಿಗೆ ಏಕಕಾಲದಲ್ಲಿ ದಾರಿ ಕೊಡಬೇಕು. ಇಂಧನ ಅನಿಲ ಒಳಬರಲು ಮತ್ತು ನೀರಾವಿ ಹೊರಹೋಗಲು ತೆರೆದ ರಂಧ್ರಗಳು ಬೇಕು. ಎಲೆಕ್ಟ್ರಾನುಗಳಿಗೆ ಅಖಂಡವಾದ ಲೋಹದ ಜಾಲ ಬೇಕು. ಆಕ್ಸೈಡ್ ಅಯಾನುಗಳಿಗೆ ಸಿರಾಮಿಕ್ ಜಾಲ ಬೇಕು. ಮೂರು ಊರುಗಳ ಎಲ್ಲೆಗಳು ಒಂದು ಬಿಂದುವಿನಲ್ಲಿ ಕೂಡುವಂತೆ, ಈ ಮೂರೂ ದಾರಿಗಳು ಕೂಡುವ ರೇಖೆಗಳಲ್ಲಿ ಮಾತ್ರ ವಿದ್ಯುದ್ರಾಸಾಯನಿಕ ಕ್ರಿಯೆ ನಡೆಯುತ್ತದೆ. ಇದನ್ನು ತ್ರಿಸೀಮಾರೇಖೆ ಎನ್ನಬಹುದು. ಕಣಗಳು ಚಿಕ್ಕದಾದಷ್ಟೂ, ರಂಧ್ರಗಳು ನವುರಾಗಿ ಹರಡಿದಷ್ಟೂ ಈ ರೇಖೆಯ ಒಟ್ಟು ಉದ್ದ ಹೆಚ್ಚುತ್ತದೆ. ವಿದ್ಯುದ್ವಿಭಾಜ್ಯಕ್ಕೆ ತಾಗಿದ ಸುಮಾರು 10 ಮೈಕ್ರಾನ್ ದಪ್ಪದ ಭಾಗದಲ್ಲಿಯೇ ಕ್ರಿಯೆಯ ಬಹುಪಾಲು ನಡೆಯುವುದರಿಂದ ಆ ಭಾಗದ ಸೂಕ್ಷ್ಮರಚನೆಗೆ ವಿಶೇಷ ಮಹತ್ತ್ವವಿದೆ.

ಈ ಬೇಡಿಕೆಗಳನ್ನು ಪೂರೈಸಲು ಅತಿ ಹೆಚ್ಚು ಬಳಕೆಯಲ್ಲಿರುವ ವಸ್ತು ನಿಕ್ಕಲ್ ಮತ್ತು ಸ್ಥಿರೀಕೃತ ಜಿರ್ಕೋನಿಯಾಗಳ ಸಂಯುಕ್ತ ರಚನೆ. ಸಿರಾಮಿಕ್ ಮತ್ತು ಲೋಹಗಳ ಕೂಟವಾದ್ದರಿಂದ ಇದಕ್ಕೆ ಸರ್ಮೆಟ್ ಎಂದು ಹೆಸರು. ನಿಕ್ಕಲ್ ಎಲೆಕ್ಟ್ರಾನುಗಳನ್ನು ಸಾಗಿಸುತ್ತದೆ, ಕ್ರಿಯಾವರ್ಧಕವಾಗಿಯೂ ನೆರವಾಗುತ್ತದೆ. ಜಿರ್ಕೋನಿಯಾ ಅಯಾನುಗಳನ್ನು ಸಾಗಿಸುವುದಲ್ಲದೆ, ಬಿಸಿಯಲ್ಲಿ ನಿಕ್ಕಲ್ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ತಡೆಯುತ್ತದೆ. ಘನಭಾಗದಲ್ಲಿ ನಿಕ್ಕಲ್ಲಿನ ಪಾಲು ಗಾತ್ರದ ಲೆಕ್ಕದಲ್ಲಿ ಸುಮಾರು 30 ಪ್ರತಿಶತಕ್ಕಿಂತ ಕಡಿಮೆಯಾದರೆ ಲೋಹದ ಜಾಲ ಅಲ್ಲಲ್ಲಿ ತುಂಡಾಗಿ ವಾಹಕತೆ ಕುಸಿಯುತ್ತದೆ. ಬಹಳ ಹೆಚ್ಚಾದರೆ ಲೋಹ ಮತ್ತು ಸಿರಾಮಿಕ್‌ಗಳ ಉಷ್ಣ ವ್ಯಾಕೋಚನದ ಅಂತರದಿಂದ ಪದರ ಬಿರಿಯುತ್ತದೆ.

ಸರ್ಮೆಟ್ಟಿನ ತಯಾರಿಕೆಯಲ್ಲಿ ಒಂದು ಸೊಗಸಾದ ಅನುಕೂಲವಿದೆ. ಮೊದಲು ಪದರವನ್ನು ನಿಕ್ಕಲ್ ಆಕ್ಸೈಡ್ ಮತ್ತು ಜಿರ್ಕೋನಿಯಾಗಳಿಂದ ಕಟ್ಟಲಾಗುತ್ತದೆ. ಅನಂತರ ಬಿಸಿ ಜಲಜನಕವನ್ನು ಹಾಯಿಸಿದಾಗ ಆಕ್ಸೈಡು ಅಪಕರ್ಷಣಗೊಂಡು ಲೋಹವಾಗುತ್ತದೆ, ಅದರ ಗಾತ್ರ ಸುಮಾರು 41 ಪ್ರತಿಶತ ಕುಗ್ಗುತ್ತದೆ. ಹೀಗೆ ಕುಗ್ಗಿದ ಜಾಗವೇ ಹೊಸ ರಂಧ್ರ. ನೂರು ಪಾಲು ಗಾತ್ರದ ಪದರದಲ್ಲಿ 20 ಪಾಲು ರಂಧ್ರ, 40 ಪಾಲು ನಿಕ್ಕಲ್ ಆಕ್ಸೈಡ್, 40 ಪಾಲು ಜಿರ್ಕೋನಿಯಾ ಇದ್ದವೆಂದು ಭಾವಿಸಿದರೆ, ಅಪಕರ್ಷಣದ ಬಳಿಕ ಆಕ್ಸೈಡಿನ 40 ಪಾಲು ಸುಮಾರು 24 ಪಾಲು ನಿಕ್ಕಲ್ಲಾಗಿ ಉಳಿಯುತ್ತದೆ. ರಂಧ್ರದ ಪಾಲು 36ಕ್ಕೆ ಏರುತ್ತದೆ. ಆನೋಡಿಗೆ ಬೇಕಾದ 30ರಿಂದ 40 ಪ್ರತಿಶತ ಸರಂಧ್ರತೆ ಹೀಗೆ ಸಿದ್ಧಿಸುತ್ತದೆ. ಘನಭಾಗದಲ್ಲಿ ನಿಕ್ಕಲ್ಲಿನ ಪಾಲೂ 37 ಪ್ರತಿಶತದಷ್ಟಿದ್ದು, ಲೋಹದ ಜಾಲ ಅಖಂಡವಾಗಿ ಉಳಿಯುತ್ತದೆ.

ಪಿಷ್ಟದಿಂದ ರಂಧ್ರ: ಸಾಂಪ್ರದಾಯಿಕ ಮಾರ್ಗ

ಆಕ್ಸೈಡ್ ಪುಡಿಗಳನ್ನು ಬೆರೆಸಿ, ಹಾಳೆಯಾಗಿ ಎರೆದು ಅಥವಾ ಅಚ್ಚಿನಲ್ಲಿ ಒತ್ತಿ, ಸುಮಾರು 1300ರಿಂದ 1400 ಡಿಗ್ರಿಯಲ್ಲಿ ಸುಡುವುದು ಸಾಂಪ್ರದಾಯಿಕ ಮಾರ್ಗ. ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುವ ಈ ಕ್ರಿಯೆಗೆ ಸಿಂಟರಿಂಗ್ ಎಂದು ಹೆಸರು. ಹೆಚ್ಚುವರಿ ರಂಧ್ರಗಳಿಗಾಗಿ ಮಿಶ್ರಣಕ್ಕೆ ಪಿಷ್ಟವನ್ನು ಸೇರಿಸುವುದುಂಟು. ಪಿಷ್ಟದ ಕಣ ಬೆಂಕಿಯಲ್ಲಿ ಉರಿದುಹೋಗಿ ತನ್ನ ಆಕಾರದ ಬರಿದಾದ ಜಾಗವನ್ನು ಬಿಟ್ಟುಹೋಗುತ್ತದೆ. ಸೊರಬದ ಗದ್ದೆಯ ಅಕ್ಕಿಯ ಪಿಷ್ಟಕಣ ಸುಮಾರು 5 ಮೈಕ್ರಾನಿನದು. ಶಿಕಾರಿಪುರದ ಹೊಲದ ಮೆಕ್ಕೆಜೋಳದ ಪಿಷ್ಟಕಣ ಅದರ ಎರಡು-ಮೂರು ಪಟ್ಟು ದೊಡ್ಡದು. ಆಲೂಗೆಡ್ಡೆಯದು ಇನ್ನೂ ದೊಡ್ಡದು. ಯಾವ ಧಾನ್ಯದ ಹಿಟ್ಟನ್ನು ಆರಿಸಿದರೆ ಆ ಅಳತೆಯ ರಂಧ್ರ ದೊರೆಯುತ್ತದೆ.

ಈ ಮಾರ್ಗದ ಮಿತಿ ಅದರ ಬೆಂಕಿಯಲ್ಲಿದೆ. ಒಂದೊಂದು ಪದರಕ್ಕೂ ದೀರ್ಘಕಾಲದ ಸುಡುವಿಕೆ ಬೇಕು. ಪದರಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಹಾಳೆ ಡೊಂಕಾಗುತ್ತದೆ. ಇದಕ್ಕಿಂತ ದೊಡ್ಡ ಅಡಚಣೆ ಇನ್ನೊಂದಿದೆ. ದುಬಾರಿಯೂ ಭಿದುರವೂ ಆದ ಸಿರಾಮಿಕ್ ಆಧಾರದ ಬದಲು ಸರಂಧ್ರವಾದ ತುಕ್ಕುರಹಿತ ಉಕ್ಕಿನ ಆಧಾರವನ್ನು ಬಳಸಿದರೆ ಕೋಶ ಅಗ್ಗವೂ ಗಟ್ಟಿಯೂ ಆಗುತ್ತದೆ. ಆದರೆ 1400 ಡಿಗ್ರಿಯ ಕುಲುಮೆಯಲ್ಲಿ ಆ ಉಕ್ಕು ತನ್ನ ಗುಣವನ್ನು ಉಳಿಸಿಕೊಳ್ಳಲಾರದು. ಪದರವನ್ನು ಬಿಸಿಮಾಡಬೇಕು, ಆಧಾರವನ್ನು ಬಿಸಿಮಾಡಬಾರದು. ಈ ಇಕ್ಕಟ್ಟಿಗೆ ದೊರೆತ ಪರಿಹಾರಗಳಲ್ಲಿ ಪ್ಲಾಸ್ಮಾ ಸಿಂಪರಣೆಯೂ ಒಂದು. ಜರ್ಮನಿಯ ಅಂತರಿಕ್ಷ ಸಂಶೋಧನ ಸಂಸ್ಥೆಯ ಸ್ಟುಟ್‌ಗಾರ್ಟ್ ಕೇಂದ್ರವು ಲೋಹಾಧಾರದ ಕೋಶಗಳನ್ನು ಈ ವಿಧಾನದಿಂದ ಸಿದ್ಧಪಡಿಸುವಲ್ಲಿ ಮುಂಚೂಣಿಯ ಕೆಲಸ ಮಾಡಿದೆ.

ಪ್ಲಾಸ್ಮಾ ಸಿಂಪರಣೆ ಮತ್ತು ಪುಡಿಯ ಮಿತಿ

ಪ್ಲಾಸ್ಮಾ ಟಾರ್ಚಿನಲ್ಲಿ ಎರಡು ವಿದ್ಯುದಗ್ರಗಳ ನಡುವೆ ವಿದ್ಯುತ್ ಚಾಪವನ್ನು ಹೊತ್ತಿಸಿ, ಅದರ ಮೂಲಕ ಆರ್ಗಾನ್, ಜಲಜನಕ, ಹೀಲಿಯಂ ಮೊದಲಾದ ಅನಿಲಗಳನ್ನು ಹಾಯಿಸಲಾಗುತ್ತದೆ. ಅನಿಲವು ಅಯಾನೀಕರಣಗೊಂಡು, ಗರ್ಭದಲ್ಲಿ 10,000 ಕೆಲ್ವಿನ್ ಮೀರಿದ ತಾಪವುಳ್ಳ ಜ್ವಾಲೆಯಾಗಿ ಮೂತಿಯಿಂದ ಹೊರಚಿಮ್ಮುತ್ತದೆ. ಅದರೊಳಕ್ಕೆ ತೂರಿದ ಸಿರಾಮಿಕ್ ಪುಡಿಯ ಕಣಗಳು ಕರಗಿ, ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಆಧಾರಕ್ಕೆ ಅಪ್ಪಳಿಸಿ, ಕಾವಲಿಯ ಮೇಲೆ ಬಿದ್ದ ಹಿಟ್ಟಿನ ಹನಿಯಂತೆ ಚಪ್ಪಟೆಯಾಗಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟುತ್ತವೆ. ಇಂಥ ಬಿಲ್ಲೆಗಳು ಒಂದರ ಮೇಲೊಂದು ಕುಳಿತು ಪದರವಾಗುತ್ತದೆ. ಕಣ ಕರಗಿದರೂ ಆಧಾರ ಹೆಚ್ಚು ಬಿಸಿಯಾಗುವುದಿಲ್ಲ.

ಆದರೆ ಸಾಮಾನ್ಯ ಸಿಂಪರಣೆಗೆ ಬಳಸುವ ಪುಡಿಯ ಕಣಗಳು 10ರಿಂದ 100 ಮೈಕ್ರಾನಿನವು. ಅವುಗಳಿಂದಾದ ಬಿಲ್ಲೆಗಳು ದೊಡ್ಡವು, ತ್ರಿಸೀಮಾರೇಖೆ ಮೊಟಕು. ಹಾಗಾದರೆ ಒಂದು ಮೈಕ್ರಾನಿನ ಪುಡಿಯನ್ನೇ ಬಳಸಬಾರದೇಕೆ? ಇಷ್ಟು ನವುರಾದ ಪುಡಿ ಕೊಳವೆಯಲ್ಲಿ ಸರಾಗವಾಗಿ ಹರಿಯುವುದಿಲ್ಲ. ಕಣಗಳು ಒಂದನ್ನೊಂದು ಅಂಟಿ ಗಂಟಾಗುತ್ತವೆ. ಒಂದು ವೇಳೆ ಹರಿದರೂ, 50 ಮೈಕ್ರಾನಿನ ಕಣಕ್ಕೆ ಹೋಲಿಸಿದರೆ ಒಂದು ಮೈಕ್ರಾನಿನ ಕಣದ ರಾಶಿ 1,25,000ದಲ್ಲಿ ಒಂದು ಪಾಲು ಮಾತ್ರ. ಸುಂಟರಗಾಳಿಯ ಮುಂದೆ ಎರಚಿದ ತೌಡಿನಂತೆ ಅದು ಜ್ವಾಲೆಯನ್ನು ಭೇದಿಸಲಾರದೆ ಬದಿಗೆ ಚೆದುರಿಹೋಗುತ್ತದೆ.

ದ್ರವವೆಂಬ ವಾಹನ

ನವುರಾದ ಕಣವನ್ನು ಜ್ವಾಲೆಯ ಗರ್ಭಕ್ಕೆ ಕೊಂಡೊಯ್ಯಲು ದ್ರವವನ್ನು ವಾಹನವಾಗಿ ಮಾಡಿಕೊಳ್ಳುವುದೇ ಈ ವಿಧಾನದ ತಿರುಳು. ಇದರಲ್ಲಿ ಎರಡು ಪ್ರಭೇದಗಳಿವೆ. ಮೊದಲನೆಯದರಲ್ಲಿ ಸಿದ್ಧ ಆಕ್ಸೈಡ್ ಕಣಗಳನ್ನು ನೀರಿನಲ್ಲಿ ಅಥವಾ ಎಥನಾಲಿನಲ್ಲಿ ತೇಲಿಸಿದ ನಿಲಂಬನವನ್ನು ಸಿಂಪಡಿಸಲಾಗುತ್ತದೆ. ಕೆನಡಾದ ಶೆರ್‌ಬ್ರೂಕ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ನಡುವಿನಲ್ಲಿ ಇದು ರೂಪುಗೊಂಡಿತು. ಎರಡನೆಯದರಲ್ಲಿ ಕಣಗಳೇ ಇರುವುದಿಲ್ಲ. ನಿಕ್ಕಲ್, ಜಿರ್ಕೋನಿಯಂ ಮತ್ತು ಯಟ್ರಿಯಂಗಳ ನೈಟ್ರೇಟ್ ಅಥವಾ ಅಸಿಟೇಟ್ ಲವಣಗಳ ದ್ರಾವಣವನ್ನೇ ಜ್ವಾಲೆಗೆ ಹಾಯಿಸಲಾಗುತ್ತದೆ. ಆಕ್ಸೈಡು ಹುಟ್ಟುವುದು ಹಾರಾಟದ ನಡುವೆ. ನಿಕ್ಕಲ್–ಜಿರ್ಕೋನಿಯಾ ಆನೋಡುಗಳನ್ನು ಹೀಗೆ ದ್ರಾವಣದಿಂದಲೇ ಸಿಂಪಡಿಸಿದ ಪ್ರಯೋಗಗಳ ವಿವರವನ್ನು ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದರು.

ದ್ರಾವಣದ ಹನಿಯೊಂದು ಜ್ವಾಲೆಯನ್ನು ಹೊಕ್ಕ ಬಳಿಕ ನಡೆಯುವ ಘಟನೆಗಳು ಕ್ರಮಬದ್ಧವಾದವು. ಮೊದಲು ಅನಿಲದ ರಭಸಕ್ಕೆ ಹನಿ ಒಡೆದು ಹಲವಾಗುತ್ತದೆ. ಅನಂತರ ದ್ರವ ಆವಿಯಾಗುತ್ತದೆ. ಹೊರಮೈಯಲ್ಲಿ ಲವಣ ಮೊದಲು ಗಟ್ಟಿಯಾಗುವುದರಿಂದ ಕೆಲವೊಮ್ಮೆ ಹನಿಯ ಸುತ್ತ ತೊಗಟೆ ಕಟ್ಟಿ ಒಳಗೆ ಟೊಳ್ಳು ಉಳಿಯುತ್ತದೆ. ಒಳಗಿನ ಆವಿಯ ಒತ್ತಡಕ್ಕೆ ಆ ತೊಗಟೆ ಸಿಡಿಯುವುದೂ ಉಂಟು. ಮುಂದೆ ಲವಣ ವಿಘಟನೆಗೊಂಡು ಆಕ್ಸೈಡಾಗುತ್ತದೆ, ಕೊನೆಗೆ ಕರಗುತ್ತದೆ. ಇವೆಲ್ಲ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಮುಗಿಯಬೇಕು. ಜ್ವಾಲೆಯ ಗರ್ಭದಲ್ಲಿ ಸಾಗಿದ ಹನಿ ಎಲ್ಲ ಹಂತಗಳನ್ನೂ ದಾಟಿ ಬಿಲ್ಲೆಯಾಗುತ್ತದೆ. ಅಂಚಿನ ತಂಪು ಭಾಗದಲ್ಲಿ ಸಾಗಿದ ಹನಿ ಅರೆಬೆಂದ ಲವಣವಾಗಿಯೇ ಬಂದು ಪದರದೊಳಗೆ ಸೇರಿ, ಆಮೇಲೆ ಬಿಸಿಗೆ ವಿಘಟನೆಗೊಂಡು ರಂಧ್ರವನ್ನು ಬಿಟ್ಟುಹೋಗುತ್ತದೆ. ದಟ್ಟವಾದ ಲೇಪನವನ್ನು ಬಯಸುವವರಿಗೆ ಇದು ದೋಷ. ಆನೋಡಿನಲ್ಲಿ ಹದವರಿತು ಬಳಸಿದರೆ ಇದೇ ಗುಣ.

ಹದದ ಸೂತ್ರಗಳು ಹಲವು. ನೀರಿನ ಒಂದು ಕಿಲೋಗ್ರಾಂ ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಎಥನಾಲಿಗೆ ಸುಮಾರು 840 ಸಾಕು, ಮೇಲಾಗಿ ಎಥನಾಲ್ ತಾನೇ ಉರಿದು ಶಾಖ ಕೊಡುತ್ತದೆ. ಆದ್ದರಿಂದ ದ್ರವದ ಆಯ್ಕೆಯೇ ಜ್ವಾಲೆಯ ಬಿಸಿಯನ್ನು ನಿರ್ಧರಿಸುತ್ತದೆ. ಸಣ್ಣ ಕಣಗಳು ಬೇಗ ಬಿಸಿಯಾಗುವಂತೆ ಬೇಗ ತಣಿಯುವುದರಿಂದ ನಿಲಂಬನ ಸಿಂಪರಣೆಯಲ್ಲಿ ಟಾರ್ಚಿಗೂ ಆಧಾರಕ್ಕೂ ಇರುವ ಅಂತರವನ್ನು ಪುಡಿಯ ಸಿಂಪರಣೆಯ ಅಂತರದ ಅರ್ಧದಷ್ಟಕ್ಕೆ ಇಳಿಸಬೇಕಾಗುತ್ತದೆ. ಅತಿ ಹಗುರವಾದ ಕಣಗಳು ಆಧಾರದ ಬಳಿ ಅನಿಲದೊಡನೆ ಅಡ್ಡಕ್ಕೆ ತಿರುಗಿ, ಮೇಲ್ಮೈಯ ಉಬ್ಬುಗಳ ಪಕ್ಕಕ್ಕೆ ಅಂಟಿ, ಕಂಬಗಳಂತೆ ಬೆಳೆಯುತ್ತವೆ. ಕಂಬಗಳ ನಡುವಿನ ಸಂದುಗಳು ಅನಿಲಕ್ಕೆ ದಾರಿಯಾಗುತ್ತವೆ.

ತೊಡಕುಗಳೂ ಕಡಿಮೆಯಿಲ್ಲ. ಜಿರ್ಕೋನಿಯಾ ಕರಗುವುದು ಸುಮಾರು 2,700 ಡಿಗ್ರಿಯಲ್ಲಿ. ನಿಕ್ಕಲ್ 1,455ರಲ್ಲಿಯೇ ಕರಗಿ, ಜಿರ್ಕೋನಿಯಾ ಕರಗುವ ಹೊತ್ತಿಗೆ ಆವಿಯಾಗತೊಡಗುತ್ತದೆ. ಹೀಗಾಗಿ ಬೆರೆಸಿದ ಪ್ರಮಾಣ ಒಂದಾದರೆ ಪದರದಲ್ಲಿ ಉಳಿಯುವ ಪ್ರಮಾಣ ಇನ್ನೊಂದಾಗಬಹುದು. ದ್ರವದ ಬಹುಪಾಲು ಆವಿಯಾಗಿ ಹೋಗುವುದರಿಂದ ಪದರ ಬೆಳೆಯುವ ವೇಗ ಕಡಿಮೆ, ವಿದ್ಯುತ್ತಿನ ವೆಚ್ಚ ಹೆಚ್ಚು. ನಿಲಂಬನದ ಕಣಗಳು ತಳ ಸೇರದಂತೆ, ಮೂತಿ ಕಟ್ಟದಂತೆ ನೋಡಿಕೊಳ್ಳಬೇಕು. ನೈಟ್ರೇಟುಗಳಿಂದ ಹೊರಡುವ ಸಾರಜನಕದ ಆಕ್ಸೈಡುಗಳು ಮತ್ತು ನಿಕ್ಕಲ್ ಆಕ್ಸೈಡಿನ ಧೂಳು ಶ್ವಾಸಕೋಶಕ್ಕೆ ಹಾನಿಕರ. ಈ ಧೂಳು ಕ್ಯಾನ್ಸರ್‌ಕಾರಕವೂ ಹೌದು. ಮುಚ್ಚಿದ ಕೋಣೆ ಮತ್ತು ಸಮರ್ಥವಾದ ಹೊಗೆ ಹೀರುವ ವ್ಯವಸ್ಥೆ ಇಲ್ಲದೆ ಈ ಕೆಲಸವನ್ನು ಕೈಗೊಳ್ಳುವಂತಿಲ್ಲ.

ಬೆಂಗಳೂರಿನ ಕೊಡುಗೆ

ಈ ಕ್ಷೇತ್ರದಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಪರಂಪರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲ ಮತ್ತು ಅವರ ಶಿಷ್ಯರು 1980ರ ದಶಕದಲ್ಲಿ ದ್ರಾವಣ ದಹನ ಸಂಶ್ಲೇಷಣೆ ಎಂಬ ವಿಧಾನವನ್ನು ರೂಪಿಸಿದರು. ಅಲ್ಯುಮಿನಿಯಂ ನೈಟ್ರೇಟಿನ ದ್ರಾವಣಕ್ಕೆ ಯೂರಿಯಾ ಬೆರೆಸಿ, 500 ಡಿಗ್ರಿಯ ಕುಲುಮೆಯಲ್ಲಿ ಇಟ್ಟಾಗ ದ್ರಾವಣ ಕುದಿದು, ನೊರೆಯುಕ್ಕಿ, ತಾನಾಗಿ ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ನವುರಾದ ಹಗುರ ಆಕ್ಸೈಡ್ ಪುಡಿಯಾಯಿತು. ಪಾಟೀಲ ಮತ್ತು ಕಿಂಗ್ಸ್‌ಲಿ ಅವರು 1988ರಲ್ಲಿ ಇದನ್ನು ಪ್ರಕಟಿಸಿದರು. ರೈತರು ಗದ್ದೆಗೆ ಎರಚುವ ಯೂರಿಯಾವೇ ಇಲ್ಲಿ ಇಂಧನ, ನೈಟ್ರೇಟು ಉತ್ಕರ್ಷಣಕಾರಿ. ಕುಲುಮೆ ಕಿಡಿಯನ್ನಷ್ಟೇ ಕೊಡುತ್ತದೆ. ಬೇಕಾದ ಹೆಚ್ಚಿನ ಶಾಖ ಮಿಶ್ರಣದೊಳಗಿನಿಂದಲೇ ಹುಟ್ಟುತ್ತದೆ. ಎಸ್. ಟಿ. ಅರುಣಾ, ಎಂ. ಮುತ್ತುರಾಮನ್ ಮತ್ತು ಪಾಟೀಲರು 1998ರಲ್ಲಿ ದಹನ ವಿಧಾನದಿಂದಲೇ ನಿಕ್ಕಲ್–ಜಿರ್ಕೋನಿಯಾ ಸರ್ಮೆಟ್ಟನ್ನು ಇಂಧನಕೋಶದ ಆನೋಡಿಗಾಗಿ ಸಿದ್ಧಪಡಿಸಿ, ಅದರ ಗುಣಗಳನ್ನು ವಿವರಿಸಿದರು.

ದಹನ ಸಂಶ್ಲೇಷಣೆ ಮತ್ತು ದ್ರಾವಣದ ಪ್ಲಾಸ್ಮಾ ಸಿಂಪರಣೆಗಳ ನಡುವೆ ರಾಸಾಯನಿಕ ಬಾಂಧವ್ಯವಿದೆ. ಎರಡೂ ಲೋಹಲವಣಗಳ ದ್ರಾವಣದಿಂದ ಹೊರಡುತ್ತವೆ, ಎರಡರಲ್ಲಿಯೂ ಧಾತುಗಳು ಅಣುಮಟ್ಟದಲ್ಲಿ ಬೆರೆತಿರುತ್ತವೆ. ಒಂದರಲ್ಲಿ ಪುಡಿ ದೊರೆಯುತ್ತದೆ, ಇನ್ನೊಂದರಲ್ಲಿ ನೇರವಾಗಿ ಪದರವೇ ದೊರೆಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಮೇಲ್ಮೈ ಎಂಜಿನಿಯರಿಂಗ್ ವಿಭಾಗದಲ್ಲಿ ಜಿರ್ಕೋನಿಯಾದ ಪ್ಲಾಸ್ಮಾ ಲೇಪನ ಮತ್ತು ಇಂಧನಕೋಶದ ವಸ್ತುಗಳೆರಡರ ಮೇಲೂ ಸಂಶೋಧನೆ ನಡೆದಿದೆ. ಬಿ. ಶ್ರೀಪ್ರಕಾಶ್, ಎಸ್. ಸೆಂಥಿಲ್ ಕುಮಾರ್ ಮತ್ತು ಅರುಣಾ ಅವರು 2014ರಲ್ಲಿ ಪ್ರಕಟಿಸಿದ, ನಿಕ್ಕಲ್–ಜಿರ್ಕೋನಿಯಾ ಆನೋಡುಗಳ ಸಮಗ್ರ ಸಮೀಕ್ಷೆಯು ಇಲ್ಲಿಂದಲೇ ಬಂದದ್ದು. ಹೈದರಾಬಾದಿನ ಪುಡಿ ಲೋಹಶಾಸ್ತ್ರದ ಅಂತಾರಾಷ್ಟ್ರೀಯ ಉನ್ನತ ಸಂಶೋಧನ ಕೇಂದ್ರದಲ್ಲಿ ದ್ರಾವಣದ ಪ್ಲಾಸ್ಮಾ ಸಿಂಪರಣೆ ಕುರಿತ ಕೆಲಸ ನಡೆದಿದೆ.

ಶಿಕಾರಿಪುರ-ಸೊರಬದ ಲೆಕ್ಕಾಚಾರ

ಈ ಎರಡು ತಾಲ್ಲೂಕುಗಳ ನೆರೆಯ ಸಾಗರ ತಾಲ್ಲೂಕಿನಲ್ಲಿಯೇ ಶರಾವತಿಯ ವಿದ್ಯುದಾಗಾರಗಳಿವೆ. ಜೋಗದ ಮೊದಲ ಕೇಂದ್ರ 1948ರಲ್ಲಿ ಕಾರ್ಯಾರಂಭ ಮಾಡಿತು. ಶರಾವತಿ ಕೇಂದ್ರದ ಸಾಮರ್ಥ್ಯ 1,035 ಮೆಗಾವ್ಯಾಟ್. ಆದರೂ ಮಲೆನಾಡಿನ ಒಂಟಿಮನೆಗಳಿಗೆ, ದೂರದ ಪಂಪ್‌ಸೆಟ್ಟುಗಳಿಗೆ ಬರುವ ವಿದ್ಯುತ್ತು ಉದ್ದದ ತಂತಿಯ ಕೊನೆಯ ವಿದ್ಯುತ್ತು. ಮಳೆಗಾಲದಲ್ಲಿ ಮರವೊಂದು ಉರುಳಿದರೆ ಊರೇ ಕತ್ತಲಾಗುತ್ತದೆ. ಆದ್ದರಿಂದ ಊರಿನಲ್ಲಿಯೇ ಇರುವ ಇಂಧನದಿಂದ ಊರಿನಲ್ಲಿಯೇ ವಿದ್ಯುತ್ತನ್ನು ಪಡೆಯುವ ಪ್ರಶ್ನೆ ಇಲ್ಲಿ ಕೇವಲ ಶಾಸ್ತ್ರೀಯ ಕುತೂಹಲದ್ದಲ್ಲ.

ಒಂದು ಕಿಲೋಗ್ರಾಂ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗೋಬರ್ ಅನಿಲ ದೊರೆಯುತ್ತದೆ. ದಿನಕ್ಕೆ 10 ಕಿಲೋ ಸಗಣಿ ಹಾಕುವ ಐದು ದನಗಳಿಂದ 2 ಘನಮೀಟರ್ ಅನಿಲ. ಮಲೆನಾಡು ಗಿಡ್ಡ ತಳಿಯಾದರೆ ಇದಕ್ಕಿಂತ ಕಡಿಮೆ. ಮೀಥೇನಿನ ಪಾಲು 60 ಪ್ರತಿಶತವೆಂದು ಹಿಡಿದರೆ ಇದರಲ್ಲಿ ಅಡಗಿರುವ ಶಕ್ತಿ ಸುಮಾರು 12 ಯೂನಿಟ್. ಸಣ್ಣ ಎಂಜಿನ್ನು ಅದರ ನಾಲ್ಕನೆಯ ಒಂದು ಪಾಲನ್ನು, ಎಂದರೆ 3 ಯೂನಿಟ್ಟನ್ನು ವಿದ್ಯುತ್ತಾಗಿ ಕೊಟ್ಟರೆ ಹೆಚ್ಚು. 50 ಪ್ರತಿಶತ ದಕ್ಷತೆಯ ಘನ ಆಕ್ಸೈಡ್ ಕೋಶ 6 ಯೂನಿಟ್ಟನ್ನು ಕೊಡಬಲ್ಲದು. ಅದೇ ಕೊಟ್ಟಿಗೆ, ಅದೇ ಸಗಣಿ, ದೊರೆಯುವುದು ಎರಡರಷ್ಟು. ಸ್ಲರಿ ಎಂದಿನಂತೆ ಗದ್ದೆಗೆ ಗೊಬ್ಬರವಾಗುತ್ತದೆ. ಅನಿಲದಲ್ಲಿನ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸುವ ಅಗತ್ಯವೂ ಇಲ್ಲ. ನಿಕ್ಕಲ್ಲಿನ ಸಮ್ಮುಖದಲ್ಲಿ ಅದು ಮೀಥೇನಿನೊಡನೆ ವರ್ತಿಸಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕಗಳಾಗುತ್ತದೆ. ಈ ಎರಡೂ ಕೋಶಕ್ಕೆ ಆಹಾರವೇ.

ಆದರೆ ಈ ಲೆಕ್ಕ ನಿಲ್ಲುವುದು ಆನೋಡಿನ ಆಯುಸ್ಸಿನ ಮೇಲೆ. ಗೋಬರ್ ಅನಿಲದಲ್ಲಿನ ಹೈಡ್ರೋಜನ್ ಸಲ್ಫೈಡು ದಶಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ಅದರ ಗಂಧಕ ನಿಕ್ಕಲ್ಲಿನ ಮೈಗೆ ಅಂಟಿ ಕ್ರಿಯೆಯನ್ನು ತಡೆಯುತ್ತದೆ. ಸಂಸ್ಕರಿಸದ ಅನಿಲದಲ್ಲಿ ಅದು ನೂರಾರು ಪಾಲು ಇರುತ್ತದೆ. ಕಬ್ಬಿಣದ ಆಕ್ಸೈಡಿನ ಹಾಸಿನ ಮೂಲಕ ಹಾಯಿಸಿ ಗಂಧಕವನ್ನು ಹಿಡಿಯುವುದು ಹಳೆಯ ಉಪಾಯ, ಆದರೆ ಹಾಸನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಫಲವಿಲ್ಲ. ನೀರಾವಿ ಸಾಲದಾದರೆ ಮೀಥೇನಿನ ಇಂಗಾಲ ಮಸಿಯಾಗಿ ರಂಧ್ರಗಳನ್ನು ಮುಚ್ಚುತ್ತದೆ. ಅನಿಲ ನಡುವೆ ನಿಂತು ಬಿಸಿಯಾದ ಆನೋಡಿಗೆ ಗಾಳಿ ನುಗ್ಗಿದರೆ ನಿಕ್ಕಲ್ ಮರಳಿ ಆಕ್ಸೈಡಾಗಿ ಉಬ್ಬಿ, ಪದರವನ್ನೇ ಸೀಳುತ್ತದೆ. ನವುರಾದ, ಸಂದುಗಳುಳ್ಳ ರಚನೆ ಈ ಉಬ್ಬನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳಬಹುದೆಂಬ ನಿರೀಕ್ಷೆಯೇ ದ್ರವಮೂಲದ ಸಿಂಪರಣೆಯ ಆಕರ್ಷಣೆಗಳಲ್ಲಿ ಒಂದು. ಆದರೆ ರಚನೆ ನವುರಾದಷ್ಟೂ, ದೀರ್ಘಕಾಲದ ಬಿಸಿಯಲ್ಲಿ ನಿಕ್ಕಲ್ ಕಣಗಳು ಕೂಡಿಕೊಂಡು ದಪ್ಪವಾಗುವ ಪ್ರವೃತ್ತಿಯೂ ಹೆಚ್ಚು. ಒಂದು ಲಾಭಕ್ಕೆ ಇನ್ನೊಂದು ನಷ್ಟ ಅಂಟಿಕೊಂಡಿದೆ.

ಉಪಸಂಹಾರ

800 ಡಿಗ್ರಿಗೆ ಏರಲು ಗಂಟೆಗಟ್ಟಲೆ ಹಿಡಿಯುವ, ದಿನವೂ ಹೊತ್ತಿಸಿ ಆರಿಸಿದರೆ ಬಿರಿಯುವ ಸಾಧನ ಒಂಟಿಮನೆಯ ಸಂಜೆಯ ದೀಪಕ್ಕೆ ಹೊಂದುವಂಥದಲ್ಲ. ಹಗಲಿರುಳು ವಿದ್ಯುತ್ತು ಬೇಡುವ ಹಾಲು ಶೀತಲೀಕರಣ ಕೇಂದ್ರ, ಲಸಿಕೆಗಳನ್ನು ತಂಪಾಗಿಡಬೇಕಾದ ಆಸ್ಪತ್ರೆ ಮೊದಲಾದ ಕಡೆಗಳಲ್ಲಿ ಅದಕ್ಕೆ ಮೊದಲ ಸ್ಥಾನ ದೊರೆಯಬಹುದು. ಅಲ್ಲಿಯೂ ಗಂಧಕದ ಹಾಸನ್ನು ತಪ್ಪದೆ ಬದಲಿಸುವ, ಅನಿಲದ ಹರಿವನ್ನು ನಿಗಾ ಇಟ್ಟು ನೋಡುವ ತರಬೇತಿ ಪಡೆದ ಕೈ ಬೇಕು.

ಪ್ರಯೋಗಾಲಯದ ಆನೋಡು ಶುದ್ಧ ಜಲಜನಕದಲ್ಲಿ ತೋರುವ ಸಾಮರ್ಥ್ಯ ಒಂದು, ಮಳೆಗಾಲದ ತಂಪಿಗೆ ಅನಿಲ ಇಳಿಮುಖವಾಗುವ, ಮೇವು ಬದಲಾದಂತೆ ಗಂಧಕದ ಪ್ರಮಾಣ ಏರಿಳಿಯುವ ಕೊಟ್ಟಿಗೆಯ ಅನಿಲದಲ್ಲಿ ತೋರುವ ಸಾಮರ್ಥ್ಯ ಇನ್ನೊಂದು. ದ್ರಾವಣದ ರಸಾಯನಶಾಸ್ತ್ರವನ್ನೂ ಪ್ಲಾಸ್ಮಾ ಲೇಪನವನ್ನೂ ಬಲ್ಲ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ವರ್ಷದ ಎಲ್ಲ ಋತುಗಳ ಗೋಬರ್ ಅನಿಲ ಸೊರಬ, ಶಿಕಾರಿಪುರಗಳ ಕೊಟ್ಟಿಗೆಗಳಲ್ಲಿದೆ. ಇವೆರಡರ ನಡುವಣ ದೂರ ಸುಮಾರು 350 ಕಿಲೋಮೀಟರ್. ಆನೋಡಿನ ರಂಧ್ರ ಎಷ್ಟಿರಬೇಕು, ಎಷ್ಟು ನವುರಾಗಿರಬೇಕು ಎಂಬುದಕ್ಕೆ ಕೊನೆಯ ಉತ್ತರವನ್ನು ಆ ಅನಿಲವೇ ಕೊಡಬೇಕು. ಗಡಿಗೆಯ ಮಣ್ಣಿನ ಹದ ಗೊತ್ತಾಗುವುದು ಅದರಲ್ಲಿ ನೀರು ತುಂಬಿಟ್ಟ ಮೇಲೆಯೇ.